ಗುಡ್ಡಣ್ಣನ ಮನೆಯೊಳಗಿನ ಮನೆ

ಗುಡ್ಡಣ್ಣ ಅನ್ನುವುದು ಬಸ್ ಡಿಪೋದ ಗೆಳೆಯರು ಅವನಿಗೆ ಇಟ್ಟ ಹೆಸರು. ಅವನು ಡ್ರೈವರ್ ಸೀಟಿನಲ್ಲಿ ಕೂತರೆ ಹಿಂದಿನ ಸಾಲಿನವರಿಗೆ ಮುಂದಿನ ರಸ್ತೆ ಕಾಣುತ್ತಿರಲಿಲ್ಲ, ಅಷ್ಟು ಅಗಲದ ಬೆನ್ನು. ಮೀಸೆಯೂ ಅದಕ್ಕೆ ತಕ್ಕಷ್ಟೇ ದಟ್ಟ. ಬೆರಳುಗಳೋ, ಒಂದೊಂದೂ ಎಳೆ ಬಾಳೆಕಾಯಿಯಷ್ಟು ದಪ್ಪ. ಅಂಥ ಬೆರಳುಗಳಿಂದ ಅವನು ಅಂಗೈ ಮೇಲೆ ನಿಲ್ಲುವಂಥ ಕುರ್ಚಿ ಮಾಡುತ್ತಾನೆ ಅಂದರೆ, ಕಣ್ಣಾರೆ ನೋಡದ ಹೊರತು ಯಾರೂ ನಂಬುತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಮಗಳ ಶಾಲೆಯಿಂದ. ರಟ್ಟಿನಲ್ಲಿ ಒಂದು ಮನೆ ಮಾಡಿಕೊಂಡು ಬರಬೇಕು ಎಂದು ಟೀಚರು ಹೇಳಿದ್ದರು. ಗೋಡೆ ನಿಲ್ಲಿಸಲು ಮಗಳು ಒದ್ದಾಡುತ್ತಿದ್ದುದನ್ನು ಕಂಡು, “ಕೊಡು ಇಲ್ಲಿ, ಒಂಚೂರು ಹಿಡ್ಕೋತೀನಿ” ಅಂತ ಗುಡ್ಡಣ್ಣ ಪಕ್ಕದಲ್ಲಿ ಕೂತ. ಅವನು ಏಳುವಷ್ಟರಲ್ಲಿ ಮನೆಗೆ ಕಿಟಕಿ, ಕಿಟಕಿಗೆ ಚಿಲಕ, ಬಾಗಿಲ ಮುಂದೆ ಕಾಲೊರಸು ಎಲ್ಲ ಬಂದು ಕೂತಿದ್ದವು. ಮಗಳು ಮೂಲೆಯಲ್ಲಿ ಪೆನ್ಸಿಲ್ ಕಚ್ಚುತ್ತ ನೋಡುತ್ತಿದ್ದಳು. ಮಾರನೆಯ ದಿನ ಮನೆ ಹೋದಷ್ಟೇ ವೇಗವಾಗಿ ವಾಪಸ್ಸು ಬಂತು. ಅಪ್ಪನ ಕೆಲಸ ಬಹಳ ಚೆನ್ನಾಗಿದೆ, ಇನ್ನು ಮಗಳದ್ದು ಕಳಿಸಿ ಎಂದು ಟೀಚರು ಹೇಳಿಕಳಿಸಿದ್ದರು.

ಮಗಳು ಅಳುತ್ತ ಇನ್ನೊಂದು ಮನೆ ಮಾಡಿ, ಸೊಟ್ಟಗೋಡೆಯ ಸಮೇತ ಒಯ್ದು ಒಪ್ಪಿಸಿ, ಅದನ್ನು ಅಲ್ಲಿಗೇ ಮರೆತಳು. ಮರೆಯಲಾಗದೆ ಹೋದವನು ಅಪ್ಪ. ಮನೆಗೆ ಕಿಟಕಿ ಇದ್ದಮೇಲೆ ಪರದೆ ಬೇಡವೆ? ಪರದೆ ಬಂದಮೇಲೆ ಮಂಚ? ಮಂಚದ ಕೆಳಗೆ ಒಂದು ಜೊತೆ ಚಪ್ಪಲಿ? ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬಂತು. ರಟ್ಟಿನ ಮನೆ ಹೋಗಿ ತೆಳು ಹಲಗೆಯ ಎರಡಂತಸ್ತಿನ ಮನೆ ಎದ್ದಿತು. ಊಟದ ಮೇಜು ಅದಕ್ಕೆ ನಿವೇಶನವಾಯಿತು. ಮನೆಮಂದಿ ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡುವುದನ್ನು ಕಲಿತರು.

ನಿಜದ ಒಂದು ಅಡಿ ಅವನ ಮೇಜಿನ ಮೇಲೆ ಒಂದು ಇಂಚಾಗುತ್ತಿತ್ತು. ಹಲ್ಲುಕಡ್ಡಿ ಕುರ್ಚಿಯ ಕಾಲಾಯಿತು, ಟೂತ್‌ಪೇಸ್ಟಿನ ಮುಚ್ಚಳ ಬಕೆಟ್ಟಾಯಿತು, ಮಾತ್ರೆಯ ಬೆಳ್ಳಿಹಾಳೆ ತಟ್ಟೆ ಲೋಟಗಳಾಯಿತು. ಹಳೆಯ ಗಡಿಯಾರದ ಗಾಜಿನಿಂದ ದುಂಡು ಮೇಜು. ಹಜಾರದ ಕಪಾಟಿಗೆ ಪುಸ್ತಕಗಳು, ಒಂದೊಂದಕ್ಕೂ ತಿರುಗಿಸಬಹುದಾದ ಪುಟಗಳು. ಸುಮ್ಮನೆ ನೋಡಲು ಚೆಂದವಿದ್ದರೆ ಅವನಿಗೆ ಸಾಲದು. ಡ್ರಾಯರ್ ಅಂದಮೇಲೆ ಎಳೆದರೆ ಬರಬೇಕು, ತಳ್ಳಿದರೆ ಹೋಗಬೇಕು. ಅದು ಬಿಗಿಯಾದರೆ ಉಪ್ಪುಕಾಗದದ ಚೂರಿನಿಂದ ಉಜ್ಜುತ್ತ, ಊದುತ್ತ, ಮತ್ತೆ ಉಜ್ಜುತ್ತ, ಅವನು ಡ್ಯೂಟಿ ಇಲ್ಲದ ಮಧ್ಯಾಹ್ನಗಳನ್ನು ಕಳೆಯುತ್ತಿದ್ದ.

ಅವನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸು. ಗಂಡ ಹುಬ್ಬು ಕೀಳುವ ಚಿಮುಟದಲ್ಲಿ ಒದ್ದಾಡುವುದನ್ನು ನೋಡಲಾರದೆ ಅವಳೇ ಹುಡುಕಿ ಒಂದು ಒಳ್ಳೆಯ ಚೂಪು ಚಿಮುಟ ತಂದುಕೊಟ್ಟಿದ್ದಳು. ಆದರೆ ಅವರ ಜೊತೆಗೇ ಇದ್ದ ಅವಳ ಅಮ್ಮ, ಗುಡ್ಡಣ್ಣನ ಅತ್ತೆಯವರದ್ದು ಬೇರೆ ಮಾತು. ಆಕೆ ಬದುಕಿಡೀ ಟೈಲರ್ ಅಂಗಡಿ ನಡೆಸಿದವರು. ಈಗ ಕೈಗೆ ಬಿಡುವು, ಬಾಯಿಗಲ್ಲ. ಅವರ ರವಿಕೆಯ ಗುಂಡಿಗಳು ಒಂದೊಂದಾಗಿ ಮಾಯವಾಗಿ ಸಣ್ಣ ಮನೆಯ ಗೋಡೆಗೆ ಅಲಂಕಾರವಾಗುತ್ತಿದ್ದವು. ಅಳಿಯನಿಗೆ ಬಹುವಚನದ ಮರ್ಯಾದೆ ಕೊಟ್ಟುಕೊಂಡೇ ಅವರು ಚೆನ್ನಾಗಿ ಬೈಯುತ್ತಿದ್ದರು.

ದೊಡ್ಡ ಜಗಳ ಫ್ಯಾನಿನದು. ಅಂಟು ಒಣಗುವಾಗ ಗಾಳಿ ಬೀಸಿದರೆ ಬಟ್ಟಲು, ಚಮಚ, ದಿಂಬು ಎಲ್ಲ ದಿಕ್ಕಾಪಾಲು.

“ಅತ್ತೆ, ಫ್ಯಾನು ಹಾಕಬೇಡಿ, ಮನೆ ಹಾರಿಹೋಗುತ್ತೆ!”

“ಹಾಕದಿದ್ರೆ ನನ್ನ ಪ್ರಾಣ ಹಾರಿಹೋಗುತ್ತೆ ಅಳಿಯಂದ್ರೆ. ಯಾವುದು ಮೊದಲು ಹೋಗಲಿ, ನೀವೇ ಹೇಳಿ.”

ಒಮ್ಮೆ ಗುಡ್ಡಣ್ಣನೇ ಸೀನಿದ. ಗುಡ್ಡದಂಥ ಆಳಿನ ಸೀನು ಕೂಡ ಗುಡ್ಡದಷ್ಟೇ ಇತ್ತು. ಚಹಾದ ಕಪ್ಪು ಸಾಸರುಗಳ ಇಡೀ ಸೆಟ್ಟು ಗಾಳಿಗೆ ಹೋಯಿತು. ಮನೆಮಂದಿಯೆಲ್ಲ ಟಾರ್ಚು ಹಿಡಿದು ನೆಲದ ಮೇಲೆ ಅಂಬೆಗಾಲಿಟ್ಟು ಹುಡುಕಿದರು. ಕಡೆಯ ಕಪ್ಪು ಸಿಕ್ಕಿದ್ದು ಅತ್ತೆಯ ಜಡೆಯಲ್ಲಿ.

ಇಷ್ಟಾದರೂ ಅವರು ಒಂದು ದಿನ ಯಾರಿಗೂ ಹೇಳದೆ ಸಣ್ಣ ಮಂಚಕ್ಕೆ ಒಂದು ಹಾಸಿಗೆ ಹೊಲಿದಿಟ್ಟರು. ಒಳಗೆ ನಿಜವಾದ ಹತ್ತಿ, ಅಂಚಿಗೆ ಕಣ್ಣಿಗೆ ಕಾಣದಂಥ ಹೊಲಿಗೆ. ಗುಡ್ಡಣ್ಣ ಅದನ್ನು ಸ್ಕೇಲಿಟ್ಟು ಅಳೆದು, “ಸ್ವಲ್ಪ ದಪ್ಪ ಆಯ್ತೇನೋ ಅತ್ತೆ” ಅಂದುಬಿಟ್ಟ. ಅತ್ತೆ ಅವನ ಜೊತೆ ಮಾತು ಬಿಟ್ಟರು. ಮಾತಾಡಿದರೆ ತಮ್ಮ ಮಗಳ, ಅಂದರೆ ಅವನ ಹೆಂಡತಿಯ ಮೂಲಕವೇ: “ನಿಮ್ಮೆಜಮಾನ್ರಿಗೆ ಹೇಳು, ಸಾರು ಆರ್ತಾ ಇದೆ.” ಗುಡ್ಡಣ್ಣ ಹಾಸಿಗೆಯನ್ನು ಮಂಚದ ಮೇಲೆ ಹಾಸಿದ. ತನ್ನ ಕೆಲಸಕ್ಕೆ ಬೇರೆಯವರು ಕೈ ಹಾಕುವುದು ಅವನಿಗೆ ಒಳಗೊಳಗೇ ಸೇರುತ್ತಿರಲಿಲ್ಲ. ಮಗಳು ಹತ್ತಿರ ಬಂದರೂ “ಮುಟ್ಟಬೇಡ ಪುಟ್ಟಾ, ಬರೀ ನೋಡು” ಅನ್ನುತ್ತಿದ್ದ.

ಮನೆ ಮುಗಿದಮೇಲೆ ಹೆಂಡತಿ ಕೇಳಿದ್ದು ಒಂದೇ. “ಈಗಲಾದ್ರೂ ನಮ್ಮ ಮೇಜು ನಮಗೆ ಕೊಡ್ತೀರಾ?” ಮನೆ ಮೇಜಿನಿಂದ ಇಳಿದು ಬಟ್ಟೆಯ ಬೀರುವಿನ ಮೇಲೇರಿತು. ಅದರ ಮೇಲೊಂದು ಹಳೆಯ ದುಪ್ಪಟಿ ಹೊದಿಸಿದರು.

ಹಾಗಿರುವಾಗ ಒಂದು ಬೆಳಿಗ್ಗೆ ಗುಡ್ಡಣ್ಣ, ಕೈ ಸುಮ್ಮನಿರದೆ ಮಾಡಿ ಆಗಷ್ಟೇ ಬಣ್ಣ ಹಚ್ಚಿದ ಒಂದು ಪುಟ್ಟ ಒರಗುಕುರ್ಚಿಯನ್ನು ಒಣಗಲಿ ಎಂದು ಬಸ್ಸಿನ ಮುಂಗಾಜಿನ ಕೆಳಗೆ ಇಟ್ಟಿದ್ದ. ದಿನವೂ ಅದೇ ಬಸ್ಸಿಗೆ ಬರುವ ಗ್ರಂಥಾಲಯದ ಮೇಡಂ ಅದನ್ನು ಕಂಡರು. ಬಸ್ಸು ಸಿಗ್ನಲ್ಲಿನಲ್ಲಿ ನಿಂತಾಗ ಬಗ್ಗಿ ಬಗ್ಗಿ ನೋಡಿದರು.

“ಇದನ್ನ ಯಾರು ಮಾಡಿದ್ದು?”

“ನಾನೇ ಮೇಡಂ.”

ಮೇಡಂ ಅವನ ಕೈ ನೋಡಿದರು, ಕುರ್ಚಿ ನೋಡಿದರು, ಮತ್ತೆ ಕೈ ನೋಡಿದರು. ಇಳಿಯುವ ಮೊದಲೇ ಮಾತು ಪಕ್ಕಾ ಆಯಿತು. ಬರುವ ಭಾನುವಾರ ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಗುಡ್ಡಣ್ಣನ ಮನೆಯನ್ನು ಎಲ್ಲರೂ ನೋಡುವಂತೆ ಇಡಬೇಕು. ಆ ದಿನ ಅವನು ಒಂದೇ ಒಂದು ಸಲವೂ ಹಾರ್ನ್ ಹೊಡೆಯಲಿಲ್ಲ ಎಂದು ಕಂಡಕ್ಟರು ಆಮೇಲೆ ಹೇಳಿದ.

ಶುಕ್ರವಾರ ಮಧ್ಯಾಹ್ನ ಅವನು ಸ್ಟೂಲು ಹತ್ತಿ ಮನೆಯನ್ನು ಇಳಿಸಿ, ಮೇಜಿನ ಮೇಲಿಟ್ಟು ದುಪ್ಪಟಿ ಎಳೆದ. ಮಹಡಿಯ ಕಿಟಕಿಯ ಪರದೆ ಇರಲಿಲ್ಲ. ಕಪಾಟಿನ ಪುಸ್ತಕಗಳು ಚಿಂದಿ ಚಿಂದಿ. ಮಲಗುವ ಕೋಣೆಯೊಳಗೆ ಬಗ್ಗಿ ನೋಡಿದ. ಮಂಚದ ಮೇಲೆ, ಅತ್ತೆ ಹೊಲಿದ ಹಾಸಿಗೆಯ ಮೇಲೆ, ಕಾಗದದ ಚೂರುಗಳ ನಡುವೆ ಒಂದು ಇಲಿ ಅವನನ್ನೇ ದಿಟ್ಟಿಸುತ್ತಿತ್ತು. ಅದರ ಹೊಟ್ಟೆಗೆ ಒತ್ತಿಕೊಂಡು ಕಡಲೆಬೀಜದಷ್ಟು ಸಣ್ಣ, ಗುಲಾಬಿ ಬಣ್ಣದ ಮರಿಗಳು ಮಿಸುಕುತ್ತಿದ್ದವು.

ಗುಡ್ಡಣ್ಣನಿಗೆ ಇಲಿಯೆಂದರೆ ಭಯ ಎಂಬುದು ಅಲ್ಲಿಯವರೆಗೆ ಅವನ ಹೆಂಡತಿಗೂ ಗೊತ್ತಿರಲಿಲ್ಲ. ಕೂಗು ಕೇಳಿ ಎಲ್ಲರೂ ಓಡಿಬಂದಾಗ ಅವನು ಸ್ಟೂಲಿನ ಮೇಲಿದ್ದ.

“ರೀ, ಬಸ್ಸು ತುಂಬ ಜನಾನ ಹೊತ್ತು ತಿರುಗೋರು ನೀವು!” ಹೆಂಡತಿಗೆ ನಗು ತಡೆಯಲಾಗಲಿಲ್ಲ. ಒಳಗೆ ಇಣುಕಿದಮೇಲೆ ನಗು ನಿಂತಿತು. “ಅಯ್ಯೋ, ಮರಿಗಳು ಬೇರೆ. ಎತ್ತಿ ಆಚೆ ಬಿಟ್ಟು ಬನ್ನಿ.”

“ಬೇಡಮ್ಮಾ, ಇನ್ನೂ ಕಣ್ಣೇ ಬಿಟ್ಟಿಲ್ಲ ಅವು!” ಮಗಳು ಮೇಜಿಗೆ ಅಡ್ಡ ನಿಂತಳು.

ಗುಡ್ಡಣ್ಣ ಸ್ಟೂಲಿನಿಂದ ಇಳಿದು ಅಲ್ಲೇ ಕೂತ. ಎಷ್ಟು ತಿಂಗಳ ಕೆಲಸ! ಒಂದೊಂದು ಪುಟವನ್ನೂ ಕತ್ತರಿಸಿ ಹೊಲಿದದ್ದು ನೆನಪಾಯಿತು. “ನಾಡಿದ್ದಿಗೆ ಏನು ತೋರಿಸಲಿ ನಾನು?” ಅಂದ.

ಆಗ ಅತ್ತೆ ಕನ್ನಡಕ ಏರಿಸಿಕೊಂಡು ಮುಂದೆ ಬಂದರು. ಮನೆಯೊಳಗೆ ನಿಧಾನವಾಗಿ ನೋಡಿದರು. ಮಾತು ಬಿಟ್ಟಿದ್ದನ್ನು ಮರೆತು ನೇರ ಅಳಿಯನಿಗೇ ಹೇಳಿದರು.

“ಬಾಣಂತೀನ ಯಾರಾದ್ರೂ ಮನೆಯಿಂದ ಆಚೆ ಹಾಕ್ತಾರೇನ್ರಿ ಅಳಿಯಂದ್ರೆ? ಇರಲಿ ಬಿಡಿ. ಇಷ್ಟು ದೊಡ್ಡ ಮನೇಲಿ ಅದು ಎಲ್ಲಿ ಹೆರಿಗೆ ಮಾಡ್ಕೊಂಡಿದೆ ನೋಡಿದ್ರಾ? ನನ್ನ ಹಾಸಿಗೆ ಮೇಲೆ. ದಪ್ಪ ಆಯ್ತು ಅಂದಿರಲ್ಲ, ಅದೇ ಹಾಸಿಗೆ.”

ಹೆಂಡತಿ ಮೊದಲು ನಕ್ಕಳು, ಆಮೇಲೆ ಮಗಳು. ಕೊನೆಗೆ ಅವನಿಗೂ ನಗು ಬಂತು, ಕಣ್ಣಲ್ಲಿ ನೀರಿದ್ದಂತೆಯೇ. ಗಂಡ ಹೆಂಡತಿ ಮನೆಯನ್ನು ಅಲುಗಿಸದೆ ಹಿಡಿದು ಹಿತ್ತಿಲ ಕಡೆಯ ಉಗ್ರಾಣದಲ್ಲಿಟ್ಟರು, ಮಗಳು ಅದರ ಮುಂದೆ ಒಂದು ಮುಚ್ಚಳದಲ್ಲಿ ಕಾಳು ಸುರಿದಳು.

ವಾಪಸ್ಸು ಬಂದಾಗ ಅತ್ತೆ ತಮ್ಮ ಹೊಲಿಗೆ ಯಂತ್ರದ ಪಕ್ಕದ ಮರದ ಡ್ರಾಯರನ್ನು ಎಳೆದು, ನೂಲುಂಡೆ ಸೂಜಿಗಳನ್ನೆಲ್ಲ ಸೆರಗಿಗೆ ಸುರಿದುಕೊಂಡು, ಖಾಲಿ ಡ್ರಾಯರನ್ನು ಮೇಜಿನ ಮೇಲೆ ನಿಲ್ಲಿಸಿದ್ದರು.

“ಮನೆ ಹೋದ್ರೆ ಹೋಗಲಿ. ಒಂದು ಅಂಗಡಿ ಮಾಡೋಣ. ಟೈಲರ್ ಅಂಗಡಿ. ಅದರಲ್ಲಿ ಏನೇನು ಎಲ್ಲೆಲ್ಲಿರಬೇಕು ಅನ್ನೋದು ನನ್ನನ್ನ ಕೇಳಿ.”

“ಎರಡು ದಿನದಲ್ಲಿ ನಾನೊಬ್ಬನೇ ಹೇಗೆ ಅತ್ತೆ…”

“ನೀವೊಬ್ಬರೇ ಅಂತ ಯಾರು ಹೇಳಿದ್ರು? ನಮಗೇನು ಕೈಯಿಲ್ವಾ?”

ಅಂದು, ಮತ್ತೆ ಶನಿವಾರವಿಡೀ, ಆ ಮೇಜಿನ ನಾಲ್ಕೂ ಕಡೆ ಜನ ಕೂತಿದ್ದರು. ಹೆಂಡತಿ ಬಣ್ಣಬಣ್ಣದ ಬಟ್ಟೆ ಚೂರುಗಳನ್ನು ಬೆಂಕಿಕಡ್ಡಿಗೆ ಸುತ್ತಿ ಥಾನುಗಳನ್ನು ಜೋಡಿಸಿದಳು. ಗಾಯಕ್ಕೆ ಪಟ್ಟಿ ಸುತ್ತುವ ಕೈ, ಒಂದೂ ಸಡಿಲವಾಗಲಿಲ್ಲ. ಅತ್ತೆ ಹೆಬ್ಬೆರಳಿನಷ್ಟು ಎತ್ತರದ ಅಂಗಿ ಹೊಲಿದರು, ಕಾಲರು ಕಿಸೆ ಸಮೇತ. ಗುಡ್ಡಣ್ಣ ಒಂದು ಮರದ ತುಂಡಿನಿಂದ ಹೊಲಿಗೆ ಯಂತ್ರ ಕೆತ್ತಿದ. ಕೋಟಿನ ಗುಂಡಿ ಚಕ್ರವಾಯಿತು, ಹೇರ್‌ಪಿನ್ನು ಅಚ್ಚಾಯಿತು. ಮಗಳು ಟೈಲರಿಗೆ ಒಂದು ಸ್ಟೂಲು ಮಾಡಿದಳು. ಅದರ ಒಂದು ಕಾಲು ಗಿಡ್ಡ. ಗುಡ್ಡಣ್ಣನ ಕೈ ತಾನಾಗಿ ಅದರ ಕಡೆ ಹೋಯಿತು. ಹೆಂಡತಿ ಕಣ್ಣಲ್ಲೇ ಗದರಿದಳು. ಅವನು ಚಿಮುಟ ಕೆಳಗಿಟ್ಟು, “ಚೆನ್ನಾಗಿದೆ ಪುಟ್ಟಾ. ಇದನ್ನ ಎಲ್ಲಿ ಇಡೋಣ?” ಎಂದ. ಕೇಳಿದಮೇಲೆ ಅವನಿಗೇ ಆಶ್ಚರ್ಯವಾಯಿತು. ಒಬ್ಬನೇ ಕೂತು ಮಾಡುವಾಗ ಕೆಲಸದ ಸುಖ ಗೊತ್ತಿತ್ತು. ಹೀಗೆ ನಾಲ್ಕು ಜನ ಮೊಣಕೈ ತಾಗಿಸಿಕೊಂಡು, ಒಬ್ಬರ ಅಂಟು ಇನ್ನೊಬ್ಬರ ಬೆರಳಿಗೆ ಮೆತ್ತಿಕೊಂಡು, ಕಿರುಚಾಡಿಕೊಂಡು ಮಾಡುವುದರಲ್ಲಿ ಇಷ್ಟು ಖುಷಿಯಿದೆ ಎಂದು ಗೊತ್ತಿರಲಿಲ್ಲ.

ಭಾನುವಾರ ಮಕ್ಕಳ ಕೋಣೆ ಕಿಕ್ಕಿರಿದಿತ್ತು. ಮಕ್ಕಳು ಸರದಿಯಲ್ಲಿ ಬಂದು ಡ್ರಾಯರಿನೊಳಗೆ ಇಣುಕಿ, ಯಂತ್ರದ ಚಕ್ರ ತಿರುಗಿಸಿ, ಥಾನುಗಳನ್ನು ಎಣಿಸಿದರು. ಒಬ್ಬಳು ಪುಟಾಣಿ ಸುತ್ತಲೂ ಹುಡುಕಿ ಕೇಳಿದಳು:

“ಟೈಲರ್ ಎಲ್ಲಿ?”

ಅಂಗಡಿಯಲ್ಲಿ ಮನುಷ್ಯರನ್ನೇ ಮಾಡಿರಲಿಲ್ಲ. ಗುಡ್ಡಣ್ಣ ತಡವರಿಸಿದ. ಅತ್ತೆ ತಡವರಿಸಲಿಲ್ಲ.

“ಊಟಕ್ಕೆ ಹೋಗಿದಾರಮ್ಮ. ಅಂಗಿ ಕೊಡೋಕೆ ಬಂದಿದ್ಯಾ? ಕೊಡು, ನಾನು ಹೇಳ್ತೀನಿ.”

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಕುರ್ಚಿ ಹಾಕಿಸಿಕೊಂಡು ಕೂತು, ಮಕ್ಕಳ ಅಳತೆ ತೆಗೆಯುವಂತೆ ನಟಿಸಿ, ಯಾವ ಗಿರಾಕಿ ಹೇಗೆ ಕಾಡುತ್ತಿದ್ದ ಎಂದು ಕಥೆ ಹೇಳಿ ನಗಿಸಿದರು. ದೊಡ್ಡವರು ಯಾರೋ ಇದನ್ನೆಲ್ಲ ಮಾಡಿದವರು ಯಾರು ಎಂದು ಕೇಳಿದಾಗ ಗಂಭೀರವಾಗಿ, “ನಾನೇ. ನಮ್ಮ ಅಳಿಯಂದ್ರು ಸ್ವಲ್ಪ ಸಹಾಯ ಮಾಡಿದ್ರು” ಅಂದರು. ಹಿಂದೆ ಗೋಡೆಗೊರಗಿ ನಿಂತಿದ್ದ ಗುಡ್ಡಣ್ಣ ತಲೆಯಾಡಿಸಿದ. ಅವನಿಗೆ ಅಷ್ಟು ಸಂತೋಷವಾದ ದಿನ ಬೇರೆ ಯಾವುದೂ ನೆನಪಿಗೆ ಬರಲಿಲ್ಲ.

ಕೆಲವು ವಾರಗಳಾದ ಮೇಲೆ ಇಲಿ ತನ್ನ ಸಂಸಾರ ಕಟ್ಟಿಕೊಂಡು, ಒಂದು ಮಾತೂ ಹೇಳದೆ, ಬಿಟ್ಟುಹೋಯಿತು. ಗುಡ್ಡಣ್ಣ ಮನೆಯನ್ನು ತೊಳೆದು ಒರೆಸಿ ಬಿಸಿಲಿಗಿಟ್ಟ. ಅದನ್ನು ರಿಪೇರಿ ಮಾಡಲು ಮಾತ್ರ ಪುರಸತ್ತು ಸಿಗಲಿಲ್ಲ. ಮುಂದಿನ ಸಲಕ್ಕೆ ಒಂದು ಕ್ಷೌರದಂಗಡಿ ಮಾಡಿಕೊಡಿ ಎಂದು ಗ್ರಂಥಾಲಯದ ಮೇಡಂ ಕೇಳಿದ್ದರು, ನಾಲ್ವರೂ ಅದರಲ್ಲಿ ಮುಳುಗಿದ್ದರು. ಕನ್ನಡಿ, ತಿರುಗುವ ಕುರ್ಚಿ, ಟವೆಲು ಎಲ್ಲ ಸಿದ್ಧವಾದವು. ಆದರೂ ಅಂಗಡಿ ಯಾಕೋ ಖಾಲಿ ಅನ್ನಿಸುತ್ತಿದೆ ಎಂದು ಅತ್ತೆ ಗೊಣಗುತ್ತಿದ್ದರು. ನೆಲದ ಮೇಲೆ ಕತ್ತರಿಸಿದ ಕೂದಲು ಬಿದ್ದಿರಬೇಕಲ್ಲ, ಅದಿಲ್ಲ.

ಒಂದು ಮಧ್ಯಾಹ್ನ ಊಟವಾಗಿ ಗುಡ್ಡಣ್ಣ ಕುರ್ಚಿಯಲ್ಲೇ ತೂಕಡಿಸಿದ್ದ. ಎಚ್ಚರವಾದಾಗ ಎದುರಿಗೆ ಮಗಳು ಬಾಯಿಗೆ ಕೈ ಒತ್ತಿಕೊಂಡು ನಿಂತಿದ್ದಳು. ಅತ್ತೆ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಚಿಟಿಕೆಯಷ್ಟು ಕಪ್ಪು ಕೂದಲನ್ನು ಅಂಗಡಿಯ ನೆಲಕ್ಕೆ ಉದುರಿಸುತ್ತಿದ್ದರು. ಅವನು ಗೋಡೆಯ ಕನ್ನಡಿಯ ಮುಂದಕ್ಕೆ ಓಡಿದ. ಮೀಸೆ ಎಡಗಡೆ ಇದ್ದ ಹಾಗೇ ಇತ್ತು, ಬಲಗಡೆ ಅರ್ಧಕ್ಕೆ ನಿಂತಿತ್ತು.

“ಆ ಕಡೆಯದೂ ತೆಗೆದುಬಿಡ್ತಿದ್ದೆ, ಅಷ್ಟರಲ್ಲಿ ನೀವು ಎದ್ರಿ ಅಳಿಯಂದ್ರೆ” ಎಂದರು ಅತ್ತೆ, ತಪ್ಪು ಅವನದೇ ಎನ್ನುವ ಹಾಗೆ.

ಅವನು ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ಅಂಗಡಿಯ ಮೇಲೆ ಬಿತ್ತು. ತಿರುಗುಕುರ್ಚಿಯ ಸುತ್ತ ಕೂದಲು ಚೆಲ್ಲಿತ್ತು. ಗಿರಾಕಿ ಈಗಷ್ಟೇ ಎದ್ದುಹೋದಂತಿತ್ತು. ಎಷ್ಟು ಸರಿಯಾಗಿತ್ತೆಂದರೆ ಅವನು ಬಂದು ಕೂತು, ತನ್ನ ಎಡ ಮೀಸೆಯನ್ನು ಅತ್ತೆಯ ಮುಂದೆ ಒಡ್ಡಿದ.

ಸಂಜೆ ಡ್ಯೂಟಿಗೆ ಹೋದಾಗ ಕಂಡಕ್ಟರು ಅವನ ಮುಖವನ್ನೇ ದಿಟ್ಟಿಸಿದ. “ಗುಡ್ಡಣ್ಣ, ಮೀಸೆ ಎಲ್ಲಿ ಹೋಯ್ತು?”

“ಮನೇಲಿ ಕೆಲಸಕ್ಕೆ ಬೇಕಾಗಿತ್ತು” ಎಂದು ಗುಡ್ಡಣ್ಣ ಗಾಡಿ ಸ್ಟಾರ್ಟ್ ಮಾಡಿದ.