ಒಂದು ಡಬ್ಬ, ಎರಡು ಡ್ರೈವು

"ಆಗೋದಿಲ್ಲ" ಎಂದು ಮೊದಲು ಹೇಳಿದವರು ಫೋರ್ಟ್ ಲೀಯಲ್ಲಿರುವ ನಮ್ಮ ಭಾವ. ನನ್ನ ಗಂಡನ ಅಣ್ಣ. ಕಂಪ್ಯೂಟರಿನದೇ ಕೆಲಸ, ದಿನಾ ಮ್ಯಾನ್‌ಹ್ಯಾಟನ್‌ಗೆ ಕಮ್ಯೂಟ್ ಮಾಡುವವರು. ಹಾಗಾಗಿ ಅವರ ಮಾತಿಗೆ ನಮ್ಮನೆಯಲ್ಲಿ ತೂಕ ಜಾಸ್ತಿ. "ಆ ಹಳೇ ಡಬ್ಬಕ್ಕೆ ಇನ್ನೊಂದು ಹಾರ್ಡ್ ಡ್ರೈವಾ? ಅದೂ ನೀನು ಹಾಕ್ತೀಯಾ? ಆಗೋ ಮಾತಲ್ಲ ತಾಯಿ" ಎಂದರು. ಮೂವತ್ತು ದಾಟಿದ ಮೇಲೆ ಕಾಲೇಜು ಸೇರುತ್ತೇನೆ ಎಂದಾಗಲೂ ಇದೇ ಧ್ವನಿಯಲ್ಲಿ ಇದನ್ನೇ ಹೇಳಿದ್ದರು. ನಮ್ಮಪ್ಪನ ಮನೆಯಲ್ಲಿ ಹತ್ತನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಡಿಗ್ರಿ ಅನ್ನುವುದು ನಮಗೆ ಬೇರೆಯವರ ಮನೆ ಗೇಟಿನ ಬೋರ್ಡಿನಲ್ಲಿ ನೋಡಿ ಗೊತ್ತು. ಅದಕ್ಕೋ ಏನೋ, "ಆಗೋದಿಲ್ಲ" ಎಂದರೆ ನನಗೆ ಬೇಜಾರಿಗಿಂತ ಹುರುಪೇ ಜಾಸ್ತಿ. ಅದು ಗುಣವೋ ರೋಗವೋ ಇನ್ನೂ ತೀರ್ಮಾನವಾಗಿಲ್ಲ.

ಅದು ನನ್ನ ಕೊನೆಯ ಸೆಮಿಸ್ಟರ್. ಪುಟ್ಟ ಮಕ್ಕಳಿಗೆ ನಾನು ಪಾಠ ಮಾಡುವುದನ್ನು ವಿಡಿಯೋ ಹಿಡಿದು, ಕತ್ತರಿಸಿ ಜೋಡಿಸಿ ಒಪ್ಪಿಸಬೇಕು. ಇಲ್ಲದಿದ್ದರೆ ಡಿಗ್ರಿ ಇಲ್ಲ. ಕಂಪ್ಯೂಟರು ನೋಡಿದರೆ ಜಾಗವೇ ಇಲ್ಲ ಅಂದುಬಿಟ್ಟಿತು. ಏನಾದರೂ ಅಳಿಸೋಣವೆಂದರೆ ನಾದಿನಿಯ ಮದುವೆ ಫೋಟೋ ಮುಟ್ಟಲು ಅತ್ತೆ ಬಿಡುವುದಿಲ್ಲ, ಕ್ರಿಕೆಟ್ ವಿಡಿಯೋ ಮುಟ್ಟಲು ಗಂಡ ಬಿಡುವುದಿಲ್ಲ. ಹೊಸದು ತರುವ ಕಾಲವೂ ಅಲ್ಲ. ಗಂಡನಿಗೆ ಕ್ರ್ಯಾನ್‌ಬರಿಯ ಒಂದು ವೇರ್‌ಹೌಸಿನ ಆಫೀಸಿನಲ್ಲಿ ಕೆಲಸ. ಶುಕ್ರವಾರ ಬಂತೆಂದರೆ ಅಲ್ಲಿ ಯಾರದೋ ಕುರ್ಚಿ ಖಾಲಿ. ಕೆಲಸದ ಜೊತೆ ವೀಸಾನೂ ಹೋಗಿ ಊರಿಗೆ ಹೊರಟವರು ಮನೆಸಾಮಾನನ್ನೆಲ್ಲ ಹಂಚುತ್ತಿದ್ದರು. ವುಡ್‌ಬ್ರಿಡ್ಜ್‌ನ ನನ್ನ ಗೆಳತಿ ಕಣ್ಣೊರೆಸಿಕೊಳ್ಳುತ್ತಾ ಒಂದು ರೈಸ್ ಕುಕ್ಕರು, ಒಂದು ಹಾರ್ಡ್ ಡ್ರೈವು ಕೊಟ್ಟು ಹೋದಳು. ಕುಕ್ಕರನ್ನು ಏನು ಮಾಡಬೇಕೆಂದು ನನಗೆ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ಡಬ್ಬದ ಮುಚ್ಚಳ ತೆಗೆದೆ. ಅದು ಹಳೇ ಕಾಲದ ಕಂಪ್ಯೂಟರು. ಒಂದೇ ಅಗಲದ ಪಟ್ಟಿ ವೈರಿಗೆ ಎರಡು ಡ್ರೈವು. ಒಂದು ಮಾಸ್ಟರ್ ಅಂತೆ, ಇನ್ನೊಂದು ಸ್ಲೇವ್ ಅಂತೆ. ಯಾರು ಏನೆಂದು ಹೇಳಲು ಡ್ರೈವಿನ ಬೆನ್ನಿನ ಮೇಲೆ ಉದ್ದಿನ ಕಾಳಿನಷ್ಟು ಪ್ಲಾಸ್ಟಿಕ್ ಚೂರನ್ನು ಸರಿಯಾದ ಜಾಗಕ್ಕೆ ಸಿಕ್ಕಿಸಬೇಕು. ಇಬ್ಬರೂ ಮಾಸ್ಟರ್ ಆದರೆ ಇಬ್ಬರೂ ಕೆಲಸ ಮಾಡುವುದಿಲ್ಲ. ಇಷ್ಟು ಮಾತ್ರ ಥಟ್ಟನೆ ಅರ್ಥವಾಯಿತು. ಒಂದೇ ಅಡುಗೆಮನೆಯಲ್ಲಿ ಇಬ್ಬರು ಸೊಸೆಯರನ್ನು ನೋಡಿದವಳು ನಾನು. ಹಿರಿಯಳು ಯಾರೆಂದು ಮೊದಲೇ ಹೇಳದಿದ್ದರೆ ಅವತ್ತು ಸಾರೇ ಇಲ್ಲ. ಮಿಕ್ಕಿದ್ದು ಯಾವುದೂ ಅರ್ಥವಾಗಲಿಲ್ಲ. ಚೂರನ್ನು ಅಲ್ಲಿಟ್ಟೆ, ಇಲ್ಲಿಟ್ಟೆ, ಕೆಳಗೆ ಬೀಳಿಸಿ ಕಾರ್ಪೆಟ್ಟನ್ನೆಲ್ಲ ತಡಕಿದೆ. ಕೊನೆಗೆ ಸಿಕ್ಕಿಸಿ ಆನ್ ಮಾಡಿದರೆ, ಸ್ಕ್ರೀನಿನಲ್ಲಿ ಎಷ್ಟು ಹುಡುಕಿದರೂ ಹಳೇ ಡ್ರೈವೊಂದೇ.

"ಏನೇ ಹುಡುಕ್ತಿದ್ದೀಯ?" ಎಂದರು ಅತ್ತೆ.

"ಹೊಸ ಡ್ರೈವು ಕಾಣ್ತಿಲ್ಲ ಅತ್ತೆ."

"ಅಯ್ಯೋ, ನಿನ್ನ ಮುಂದೇನೇ ಇದೆಯಲ್ಲೇ!"

ಕಂಪ್ಯೂಟರಿಗೆ ಕಾಣಬೇಕಾದ್ದು, ನಮಗಲ್ಲ ಎಂದು ವಿವರಿಸುವಷ್ಟರಲ್ಲಿ ನನಗೇ ಅನುಮಾನ ಬಂತು. ಡ್ರೈವು ಕೆಟ್ಟಿದೆಯೋ, ವೈರು ಕೆಟ್ಟಿದೆಯೋ, ತಲೆಯೋ? ಪ್ಲಗ್ಗೆಲ್ಲ ಎಳೆದು, ಟಾರ್ಚ್ ಬಿಟ್ಟು ನೋಡಿದೆ. ಹೊಸ ಡ್ರೈವಿಗೆ ಕರೆಂಟು ಕೊಡುವ, ಡಬ್ಬದೊಳಗಿನ ವೈರಿನ ತುದಿಯ ಒಂದು ತೂತಿನಲ್ಲಿ ಹಳದಿ ಬಣ್ಣದ್ದೇನೋ ಕೂತಿದೆ. ಪಿನ್ನಿನಿಂದ ಕೆದಕಿದರೆ ಹೊರಗೆ ಬಂದದ್ದು ಅಕ್ಷತೆ ಕಾಳು!

ಆಯುಧಪೂಜೆ ದಿನ ನನ್ನ ಗಂಡ ಧೂಳು ತೆಗೆಯಲು ಮುಚ್ಚಳ ಬಿಚ್ಚಿಟ್ಟಿದ್ದರು. ಅತ್ತೆ ಹಾಗೆಯೇ ಅದಕ್ಕೆ ಪೂಜೆ ಮುಗಿಸಿದ್ದರು. "ತಗಡಿನ ಮೇಲೆ ಹಾಕಿದ್ರೆ ಏನು ಬಂತು? ಆಯುಧ ಇರೋದು ಒಳಗಲ್ವಾ?" ಎಂದು ಈಗಲೂ ಕೇಳಿದರು. ತರ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. "ಇಷ್ಟು ವರ್ಷ ಆ ಡಬ್ಬ ಓಡ್ತಿರೋದು ಯಾತರಿಂದ ಅಂದ್ಕೊಂಡೆ?" ಎಂದೂ ಸೇರಿಸಿದರು. ಇಂಟರ್‌ನೆಟ್ಟಿನಲ್ಲಿ ಡ್ರೈವು ಕಾಣದಿರಲು ನೂರೆಂಟು ಕಾರಣ ಬರೆದಿದ್ದಾರೆ, ಇದೊಂದನ್ನು ಬರೆದಿಲ್ಲ.

ಕಾಳು ಹೋದ ಮೇಲೆ ಡ್ರೈವು ಕಂಡಿತು. ಕಂಡ ಕೂಡಲೇ, ಫಾರ್ಮ್ಯಾಟ್ ಮಾಡಲಾ, ಎಲ್ಲ ಅಳಿಸಿಹೋಗುತ್ತೆ ಎಂದು ಕಂಪ್ಯೂಟರು ಕೇಳಿತು. ಎಲ್ಲ ಅಂದರೆ ಯಾವುದೆಲ್ಲ? ಇದರದ್ದೋ, ನಾದಿನಿಯ ಮದುವೆಯೋ? ಕಣ್ಣು ಮುಚ್ಚಿ ಹೂಂ ಒತ್ತಿದೆ. ಮದುವೆ ಉಳಿಯಿತು. ವಿಡಿಯೋ ಹೊತ್ತಿಗೆ ಸರಿಯಾಗಿ ಕಾಲೇಜು ತಲುಪಿತು.

ಮೇ ತಿಂಗಳಲ್ಲಿ ಕರಿ ಗೌನು ಹಾಕಿಕೊಂಡು ವೇದಿಕೆ ಹತ್ತಿದೆ. ಕೈಕುಲುಕಿ ಕೊಟ್ಟ ಫೋಲ್ಡರನ್ನು ಇಳಿಯುತ್ತಲೇ ಬಿಚ್ಚಿದರೆ ಒಳಗೆ ಏನೂ ಇಲ್ಲ! ತಲೆಕೆಳಗು ಮಾಡಿ ಕೊಡವಿದೆ. ಪಕ್ಕದ ಹುಡುಗಿ ನಕ್ಕು, ಎಲ್ಲರದೂ ಖಾಲಿಯೇ, ನಿಜವಾದದ್ದು ಅಂಚೆಯಲ್ಲಿ ಬರುತ್ತದೆ ಎಂದಳು. ಬರುವವರೆಗೂ ನಾನು ನಂಬಲಿಲ್ಲ.

ಬಂದ ದಿನ ಅತ್ತೆಯ ಕೈಗೆ ಕೊಟ್ಟೆ. ಕೈ ಒರೆಸಿಕೊಂಡು ಹಿಡಿದರು. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ.

"ನಿನ್ನ ಹೆಸರೆಲ್ಲಿ?"

ತೋರಿಸಿದೆ.

"ಇವನದು?"

"ಅವರದಿಲ್ಲ ಅತ್ತೆ."

ಈ ದೇಶದಲ್ಲಿ ವೀಸಾದಿಂದ ಹಿಡಿದು ನನ್ನ ಹೆಸರಿರುವ ಕಾಗದದಲ್ಲೆಲ್ಲ ಗಂಡನ ಹೆಸರು ಇದ್ದೇ ಇರುತ್ತದೆ. ಅತ್ತೆ ತಿರುಗಿಸಿ ಹಿಂದುಗಡೆಯೂ ನೋಡಿದರು. ಅಲ್ಲೂ ಇರಲಿಲ್ಲ.

"ಹಂಗಾದ್ರೆ ಪೂರ್ತಿ ನಿಂದೇ ಅನ್ನು" ಎಂದು ವಾಪಸು ಕೊಟ್ಟರು. "ಅವನ ಕೈಗೆ ಮಾತ್ರ ಕೊಡಬೇಡ ಕಣೇ, ಎಲ್ಲಾದ್ರೂ ಇಟ್ಟು ಮರೀತಾನೆ."