ಎತ್ತಿ ಕಟ್ಟಿದ ಟೊಂಗೆ

ಮೋರಟಗಿಯಲ್ಲಿ ನಮ್ಮ ಗೋಡೆಯಾಚೆ ಒಂದು ಆಡು, ಅದರ ಮರಿ ಸಾಕಿದ್ದ ಮುದುಕಿ ಆಯಿ ಸುಮ್ಮನೆ ಮಾತಾಡಿದರೂ ಬೈದ ಹಾಗೆ ಕೇಳುತ್ತಿತ್ತು. ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಬಿಸಿಲೇರುವ ಮೊದಲೇ ಬೇವಿನ ಟೊಂಗೆ ಕಡಿದು ತಂದು, ಆಡಿನ ಬಾಯಿಯ ಎತ್ತರಕ್ಕೆ ಹಗ್ಗದಲ್ಲಿ ತೂಗುಬಿಡುತ್ತಿದ್ದಳು. ನೆಲಕ್ಕೆ ಬಿದ್ದು ಹೊಲಸಾದ ಸೊಪ್ಪನ್ನು ಆಡು ಮೂಸಿಯೂ ನೋಡುವುದಿಲ್ಲ. ಮಧ್ಯಾಹ್ನ ನೆರಳಲ್ಲಿ ತೊಗರಿ ಹೊಟ್ಟು, ತಣ್ಣನೆಯ ನೀರು. ಯಾರಾದರೂ ರೊಟ್ಟಿ ಚೂರು ಹಿಡಿದು ಬಂದರೆ, "ಹಾಕೂಕಿಂತ ಮೊದಲ ನನ್ನ ಕೇಳ್ರಿ" ಎಂದು ಗದರುವಳು.

ಆಯಿಯ ಇನ್ನೊಂದು ಪಕ್ಕದ ಮನೆಯಲ್ಲಿ ಮದುವೆಯಾದ ಮರುದಿನ ಯಾರೂ ಕೇಳಲಿಲ್ಲ. ಆಯಿ ಟೊಂಗೆ ಕಟ್ಟಿ ನೀರಿಗೆ ಹೋದಾಗ, ಆ ಮನೆಯ ಪುಣ್ಯವಂತರು ಉಳಿದ ಅನ್ನವನ್ನೆಲ್ಲ ತಂದು ಆಡಿನ ಮುಂದಿನ ಬುಟ್ಟಿಗೆ ಸುರಿದರು. ಹೊತ್ತೇರುವಷ್ಟರಲ್ಲಿ ತಾಯಿ ಆಡಿನ ಹೊಟ್ಟೆ ಡೊಳ್ಳಿನಂತೆ ಉಬ್ಬಿತು. ಆಯಿ ಎಣ್ಣೆ ಕುಡಿಸಿದಳು, ಹೊಟ್ಟೆ ತಿಕ್ಕಿದಳು. ಸಂಜೆಗೆ ಅದು ಸತ್ತಿತು.

ಮದುವೆ ಮನೆಯ ಯಜಮಾನ ಬಂದು ನಿಂತ. "ಅನ್ನ ಚೆಲ್ಲಿದ್ರ ಪಾಪ ಹತ್ತತೈತಿ ಅಂತ ಹಾಕಿದ್ವಿ, ಆಯಿ. ಅದರ ಹಣೇಬರ, ಏನ್ ಮಾಡೂದು."

"ಹಣೇಬರ ಅಲ್ಲೋ ತಮ್ಮಾ, ಅನ್ನ. ಪಾಪ ನಿನಗ ಹತ್ತಬಾರದಂತ ನನ್ನ ಆಡಿನ ಹೊಟ್ಟ್ಯಾಗ ಸುರದಿ."

ಅವನು ಹೋದ ಮೇಲೂ ಬೈಗುಳ ನಿಲ್ಲಲಿಲ್ಲ. ಬೆಳಿಗ್ಗೆ ಕಟ್ಟಿದ ಟೊಂಗೆ ತಾಯಿಯ ಎತ್ತರದಲ್ಲೇ ತೂಗುತ್ತಿತ್ತು. ಅದರ ಮರಿ ಕೆಳಗೆ ಮುಂಗಾಲೆತ್ತಿ ಜಿಗಿಯುತ್ತಿತ್ತು, ಎಟುಕುತ್ತಿರಲಿಲ್ಲ. ಆಯಿ ಬೈಯುತ್ತಲೇ ಹಗ್ಗ ಸಡಿಲಿಸಿ, ಟೊಂಗೆಯನ್ನು ಮರಿಯ ಬಾಯಿಗೆ ಇಳಿಸಿದಳು.