ಮೈಸೂರು ಪಾಕಿನ ಸಾಕ್ಷಿ

ವಾದದಲ್ಲಿ ನನ್ನನ್ನು ಸೋಲಿಸುವ ಗಂಡು ಅಮೆರಿಕದ ನಮ್ಮ ಇಡೀ ಕ್ಯಾರಿ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಅಂಥ ನನಗೇ, ಕೆಲಸ ಹೋದಾಗ, ನಿರುದ್ಯೋಗ ಭತ್ಯೆ ಕೊಡುವುದಿಲ್ಲ ಅಂತ ಪತ್ರ ಬಂತು. ನಾನೇ ಕೆಲಸ ಬಿಟ್ಟೆ ಎಂದು ಕಂಪನಿ ಬರೆದುಕೊಟ್ಟಿತ್ತಂತೆ. ಅಪೀಲು ಹಾಕಿದೆ. ಇದರಲ್ಲೂ ಸೋತರೆ ಮನೆ ಬಾಡಿಗೆಗೆ ದಾರಿಯಿರಲಿಲ್ಲ.

ಹಿಯರಿಂಗ್ ಫೋನಿನಲ್ಲೇ. ಆದರೂ ಕೋಟು ತೊಟ್ಟು ಅಡುಗೆಮನೆಯಲ್ಲಿ ಸಿಂಹದ ಹಾಗೆ ಕೂತೆ.

ಕಂಪನಿಯ ಎಚ್‌ಆರ್ ಮೇಡಂ ಶುರು ಮಾಡಿದರು: "ಕೊನೆಯ ದಿನ ಇವರು ನಗುನಗುತ್ತಾ ಎಲ್ಲರಿಗೂ ಸ್ವೀಟ್ ಹಂಚಿದರು. ಕೆಲಸದಿಂದ ತೆಗೆಸಿಕೊಂಡವರು ಹಾಗೆ ಮಾಡುತ್ತಾರಾ?"

"ಹಂಚಿದಿರಾ?" ಅಂತ ವಿಚಾರಣಾಧಿಕಾರಿ ನನ್ನನ್ನು ಕೇಳಿದರು.

"ಹಂಚಿದೆ ಸರ್, ಮೈಸೂರು ಪಾಕು. ಅನ್ನ ಕೊಟ್ಟ ಜಾಗದಿಂದ ಸುಮ್ಮನೆ ಎದ್ದು ಬರಬೇಡಿ ಅಂತ ಹೆಂಡತಿ ಮಾಡಿಕೊಟ್ಟಿದ್ದಳು. ನಾವು ಹಾಗೇ, ಹೊರಗೆ ಹಾಕಿದವರ ಬಾಯನ್ನೂ ಸಿಹಿ ಮಾಡಿಯೇ ಹೊರಡುತ್ತೇವೆ."

ಅಧಿಕಾರಿ ಈಗ ಮೇಡಂ ಅವರನ್ನು ಕೇಳಿದರು. "ನೀವೂ ತಿಂದಿರಾ?"

"ಎರಡು."

"ಇವರ ಹುದ್ದೆ ರದ್ದಾಗಿದೆ ಅಂತ ಇವರಿಗೆ ಹೇಳಿದ್ದು ಯಾವಾಗ?"

ಪಾಪ, ಸತ್ಯವನ್ನೇ ಹೇಳುತ್ತೇನೆ ಅಂತ ಮೇಡಂ ಪ್ರಮಾಣ ಮಾಡಿದ್ದರು. "ಸ್ವೀಟ್ ಹಂಚಿದ್ದಕ್ಕೆ ಮೂರು ದಿನ ಮುಂಚೆ," ಅಂದುಬಿಟ್ಟರು.

ಮುಂದಿನ ವಾರ ತೀರ್ಪು ಬಂತು. ಗೆದ್ದಿದ್ದೆ! ಬಹಳ ದಿನದ ಮೇಲೆ ಊಟ ರುಚಿಸಿತು.

"ನೋಡಿದೆಯಾ ನನ್ನ ವಾದ?" ಅಂದೆ.

"ವಾದ ಮಾಡಿದ್ದು ನನ್ನ ಮೈಸೂರು ಪಾಕು," ಎನ್ನುತ್ತಾ ಹೆಂಡತಿ ಮತ್ತೆ ಬಾಣಲೆ ಇಟ್ಟಳು. "ಆ ಅಧಿಕಾರಿಗೂ ಒಂದು ಡಬ್ಬಿ ಕಳಿಸೋಣ ರೀ."

"ಬೇಡ ಮಾರಾಯ್ತಿ, ಲಂಚ ಅಂತ ಇನ್ನೊಂದು ಹಿಯರಿಂಗ್ ಆದೀತು!" ಅಂದೆ. ಕಾನೂನಿಗೆ ಗೌರವ ಕೊಟ್ಟು, ಅವರ ಪಾಲನ್ನೂ ನಾನೇ ತಿಂದೆ.